ಸೀರೆ ಕೊಡವಿ ಮಡಚಿದ್ದು ಯಾರು? ದಾವಣಗೆರೆ ನಿಟುವಳ್ಳಿಯ ಒಂದು ಮನೆಯ ಕೇಸ್ ಸ್ಟಡಿ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಇದು ಇವತ್ತಿನ ಕೇಸಲ್ಲ. ನಾನು ದಾವಣಗೆರೆಯಲ್ಲಿ ವಯಸ್ಸಾದೋರ ಮನೆಗಳಿಗೆ ಹೋಗಿ, ಕೂತು, ಮಾತಾಡಿ, ಏನಾದ್ರೂ ತೊಂದರೆ ಇದ್ರೆ ಮನೆಯವರ ಜೊತೆ ಸೇರಿ ಸರಿ ಮಾಡೋ ಕೆಲಸದಲ್ಲಿ ಇರೋಳು. ಆ ಮನೆಗಳನ್ನೇ ಕಣ್ಮುಂದೆ ಇಟ್ಕೊಂಡು, ಇನ್ನೊಂದು ಏಳೆಂಟು ವರ್ಷ ಆದ್ಮೇಲೆ ನಮ್ಮಂಥ ಊರಿನ ಮನೆಗೂ ಕೈಕಾಲಿರೋ ರೋಬೋ ಬಂದಾಗ ಏನಾಗುತ್ತೆ ಅಂತ ಒಂದು ಕೇಸನ್ನ ಪೂರ್ತಿ ಕಟ್ಟಿ ಬರೆದಿದೀನಿ. 2025ರವರೆಗಿನ ಸಂಗತಿಗಳು ನಿಜವಾಗಿ ಆಗಿರೋವು, ಮನೆಯೊಳಗಿಂದು ನನ್ನ ಊಹೆ. ಇಲ್ಲಿಂದ ಮುಂದೆ ಎಲ್ಲಾ ಆಗಿಹೋಗಿರೋ ಥರಾನೇ ಬರೀತೀನಿ, ಹಂಗೆ ಬರೆದ್ರೇನೇ ನನಗೆ ಆ ಅಜ್ಜಿ ಮುಖ ಕಾಣೋದು.

ಅಜ್ಜಿಗೆ 76 ವರ್ಷ. ಯಜಮಾನ್ರು ಕಾಟನ್ ಮಿಲ್ಲಲ್ಲಿ ನೂಲು ತೆಗೆಯೋ ಖಾತೆಯಲ್ಲಿ ಇದ್ದೋರು, ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದ ಕೊನೇ ಭಾಗ ಅದು, ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವಲ್ಲ, ಅವರದೂ ಮುಚ್ಚಿತು. ಅವರು ತೀರಿಹೋಗಿ ತುಂಬಾ ವರ್ಷ ಆಗಿದೆ. ಮನೇಲಿ ಮಗ, ಸೊಸೆ, ಪಿಯುಸಿ ಓದೋ ಮೊಮ್ಮಗ. ಮಗ ಔಷಧಿ ಹೋಲ್‌ಸೇಲ್ ವ್ಯಾಪಾರ, ಹರಿಹರ, ರಾಣೆಬೆನ್ನೂರು, ಹೊಳಲ್ಕೆರೆ ಅಂತ ಸುತ್ತಾಟ ಜಾಸ್ತಿ. ಸೊಸೆ ಹೈಸ್ಕೂಲ್ ಟೀಚರ್. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೂ ಅಜ್ಜಿ ಒಬ್ಬರೇ, ಅಂದ್ರೆ ಮೊದಲು ಒಬ್ಬರೇ ಅಲ್ಲ, 11 ವರ್ಷದಿಂದ ಬರ್ತಿದ್ದ ಕೆಲಸದಾಕೆ ಒಬ್ಬಳಿದ್ದಳು, ಪಾತ್ರೆ ಬಟ್ಟೆ ಮುಗಿಸಿ ಅಜ್ಜಿ ಜೊತೆ ಕೂತು ಮಂಡಕ್ಕಿ ತಿಂದು ಟೀ ಕುಡಿದು ಹೋಗೋಳು. ಪುಣೆಯಲ್ಲಿರೋ ಅಜ್ಜಿಯ ಮಗಳು ರೋಬೋ ಕಳಿಸಿದ ತಿಂಗಳು ಆ ಕೆಲಸದಾಕೆನ ಬಿಡಿಸಿದ್ರು. ಈ ಸಾಲನ್ನ ಮನೆಯವರು ನನಗೆ ಹೇಳಿದ್ದೇ ಇಲ್ಲ, ಮೂರನೇ ಭೇಟಿಯಲ್ಲಿ ಅಜ್ಜಿ ಹೇಳಿದ್ರು.

ರೋಬೋ ಬಗ್ಗೆ ಸ್ವಲ್ಪ. ಎದೆ ಎತ್ತರ, ಬಿಳೀ ಬಟ್ಟೆ ಹೊದಿಸಿರೋ ಮೈ, ಸಣ್ಣ ಸೊಂಟ, ಕೆಳಗೂ ಮೇಲೂ ಅಗಲ. ಅಜ್ಜಿ ನೋಡಿದ ತಕ್ಷಣ ಇದು ಬಾಬಿನ್ ಇದ್ದಂಗೈತೆ ಅಂದ್ರಂತೆ, ಮಿಲ್ಲಲ್ಲಿ ನೂಲು ಸುತ್ತೋ ಉರುಳೆ ಅದು, ಹೆಸರು ಅದೇ ಆಯ್ತು. ಬಂದಾಗ ಅದರ ಕನ್ನಡ ಸರ್ಕಾರಿ ಪತ್ರದ ಕನ್ನಡ, "ನಾನು ನಿಮಗೆ ಯಾವ ರೀತಿಯಲ್ಲಿ ಸಹಾಯ ಮಾಡಬಹುದು" ಅಂತ. ಅಜ್ಜಿ ಪ್ರತಿ ಸಲ ತಿದ್ದೋರು, "ಏನ್ ಬೇಕಿತ್ರೀ ಅನ್ನು" ಅಂತ. ಎರಡು ತಿಂಗಳಲ್ಲಿ ಅದು ಏನ್ ಬೇಕಿತ್ರೀ ಅಂತ ಕಲಿತು, ಸೊಸೆಗೆ ಅವತ್ತು ಮನೆಗೆ ಹೊಸ ಮಗು ಬಂದಷ್ಟು ಸಂತೋಷ ಆಯ್ತಂತೆ.

ಕನ್ನಡದಲ್ಲಿ ಮನೆಯೊಳಗೆ ಓಡಾಡೋ ಒಂದು ವಸ್ತು ಜೊತೆ ಮಾತಾಡಬೇಕು ಅಂದ್ರೆ ಬಾಯಿ ತೆಗೆಯೋ ಮುಂಚೇನೇ ಒಂದು ತೀರ್ಮಾನ ಮಾಡಬೇಕಾಗುತ್ತೆ. ಅದು ಬಂತಾ, ಅವನು ಬಂದನಾ, ಅವಳು ಬಂದಳಾ, ಅವರು ಬಂದ್ರಾ. ಬಾರೋ ಅನ್ನಬೇಕಾ, ಬಾ ಅನ್ನಬೇಕಾ, ಬರ್ರಿ ಅನ್ನಬೇಕಾ. ಈ ಮನೇಲಿ ನಾಲ್ಕು ಜನಕ್ಕೆ ನಾಲ್ಕು ಥರ ಇತ್ತು. ಮಗನಿಗೆ "ಅದು". ಸೊಸೆಗೆ "ಇವನು". ಅಜ್ಜಿಗೆ "ಬಾರೋ ಬಾಬಿನ್ನು", ಮೊಮ್ಮಕ್ಕಳನ್ನ ಕರೆದಂಗೆ. ಮೊಮ್ಮಗನಿಗೆ "ಲೇ". ಆ ಲೇ ಅನ್ನೋದು ಎರಡು ಮೂರು ತಿಂಗಳಲ್ಲಿ ರೋಬೋ ದಾಟಿ ಹೋಗಿ, ಗ್ಯಾಸ್ ಸಿಲಿಂಡರ್ ತರೋ ಹುಡುಗನಿಗೂ, ಹಾಲು ಹಾಕೋನಿಗೂ ಬಂದುಬಿಟ್ಟಿತ್ತು. ಸೊಸೆ ಬೈದ್ರೆ "ಅಭ್ಯಾಸ ಆಗಿಬಿಟ್ಟಿದೆ ಅಮ್ಮ" ಅಂತಿದ್ದ. ಅವನು ಕೆಟ್ಟ ಹುಡುಗ ಅಲ್ಲ, ದಿನಕ್ಕೆ ಐವತ್ತು ಸಲ ಎದುರುತ್ತರ ಕೊಡದಿರೋ ಒಂದು ಮುಖಕ್ಕೆ ಲೇ ಅಂದ್ರೆ ನಾಲಿಗೆ ಹಂಗೇ ತಿರುಗುತ್ತೆ, ನನ್ನ ಮಗ ಆಗಿದ್ರೂ ತಿರುಗ್ತಿತ್ತು.

ನನ್ನನ್ನ ಕರೆಸಿದ್ದು ಅದಕ್ಕಲ್ಲ. ಅಜ್ಜಿಗೆ ಭ್ರಮೆ ಶುರುವಾಗಿದೆ, ನೋಡಿ ಹೇಳಿ ಅಂತ ಕರೆಸಿದ್ದು.

ಮನೆಯವರು ಹೇಳಿದ್ದು ಇಷ್ಟು. ರೋಬೋ ಬಂದು ಎಂಟು ತಿಂಗಳವರೆಗೂ ಎಲ್ಲಾ ಚೆನ್ನಾಗಿತ್ತು, ಅಜ್ಜಿ ಅದರ ಜೊತೆ ಗಂಟೆಗಟ್ಟಲೆ ಮಾತಾಡೋರು, ರಾತ್ರಿ ಬಾತ್‌ರೂಮಿಗೆ ಎದ್ದಾಗ ಅದು ಲೈಟ್ ಹಾಕಿ ಕೈ ಕೊಟ್ಟು ಕರ್ಕೊಂಡು ಹೋಗೋದು. ಆಮೇಲೆ ಇದ್ದಕ್ಕಿದ್ದಂಗೆ ಅದರ ಮುಂದೆ ಸೆರಗು ಹೊದ್ದು ಕೂರೋಕೆ ಶುರು ಮಾಡಿದ್ರು, ಮಾತು ಬಿಟ್ರು, ಅದರ ತಲೆ ಮೇಲೆ ಟವೆಲ್ ಹಾಕೋರು, ಸೀರೆ ಬದಲಾಯಿಸೋವಾಗ ರೂಮಿನ ಚಿಲಕ ಹಾಕೋರು. ಕೇಳಿದ್ರೆ "ಒಳಗೆ ಯಾರೋ ಅದಾರೆ" ಅನ್ನೋರು. ಒಂದಿನ ಅದಕ್ಕೆ "ನೀವು ಯಾರ್ರೀ" ಅಂತ ಕೇಳ್ತಿದ್ದನ್ನ ಸೊಸೆ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು ಅಳ್ತಾ ಗಂಡನಿಗೆ ಫೋನ್ ಮಾಡಿದ್ದಾರೆ. ಅದಾದ ಮೂರನೇ ರಾತ್ರಿ ಅಜ್ಜಿ ರೋಬೋನ ನಡುಮನೇಲೇ ಇರು ಅಂತ ಬಿಟ್ಟು, ಚಿಲಕ ಹಾಕ್ಕೊಂಡು ಮಲಗಿದ್ದೋರು, ಕತ್ತಲಲ್ಲಿ ಎದ್ದು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರೀತು. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಜೊತೆಗೆ ಮನಸ್ಸಿನ ಡಾಕ್ಟರಿಗೂ ತೋರಿಸಿದ್ರು, ಈ ವಯಸ್ಸಲ್ಲಿ ಅನುಮಾನದ ಕಾಯಿಲೆ ಇರಬಹುದು ಅಂತ ಒಂದು ಮಾತ್ರೆ ಬರೆದುಕೊಟ್ರು.

ನಾನು ಮೊದಲ ಭೇಟಿಯ ನೋಟಲ್ಲಿ ಏನು ಬರೆದಿದೀನಿ ಅಂದ್ರೆ, "ಮರೆವಿನ ಲಕ್ಷಣ ಇಲ್ಲ, ಆದರೆ ಭ್ರಮೆ ಇರಬಹುದು." ಅದನ್ನ ಈಗ ಓದಿದ್ರೆ ನನಗೆ ತುಂಬಾ ಸಂಕಟ ಆಗುತ್ತೆ. ಅಜ್ಜಿನ ಕೇಳೋ ಮುಂಚೆ ಮನೆಯವರನ್ನ ಕೇಳಿ ಬರೆದ ಸಾಲು ಅದು.

ಎರಡನೇ ಸಲ ಹೋದಾಗ ರೋಬೋನ ಒಳಗೇ ಬಿಟ್ಟು, ಅಜ್ಜಿನ ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ರ ಕೂರಿಸ್ಕೊಂಡು ಕೇಳಿದೆ, ಒಳಗೆ ಯಾರೋ ಇದಾರೆ ಅಂತ ನಿಮಗೆ ಹೆಂಗ್ ಗೊತ್ತಾಯ್ತು ಅಜ್ಜಿ ಅಂತ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು, ಆಮೇಲೆ ಹೇಳಿದ್ರು, "ಸೀರೆ ಕೊಡವಿದ್ರು ಕಣವ್ವ."

ಬಾಬಿನ್ನು ಬಟ್ಟೆ ಮಡಚೋ ರೀತಿ ಅಜ್ಜಿಗೆ ಬಾಯಿಪಾಠ ಆಗಿತ್ತು. ಹಾಸಿಗೆ ಮೇಲೆ ಹರಡುತ್ತೆ, ಮೂಲೆ ಹುಡುಕುತ್ತೆ, ಅರ್ಧಕ್ಕೆ ತರುತ್ತೆ, ನಿಲ್ಲುತ್ತೆ, ಮತ್ತೆ ಅರ್ಧ. ಟವೆಲ್ಲು, ಪ್ಯಾಂಟು, ದಿಂಬಿನ ಕವರ್ ಎಲ್ಲಾ ಸೈ, ಆರು ಗಜದ ಸೀರೆ ಮಾತ್ರ ಅದರ ಕೈಗೆ ಬಗ್ಗುತ್ತಿರಲಿಲ್ಲ, ಉಂಡೆ ಮಾಡಿಡ್ತಿತ್ತು. ಒಂದಿನ ಮಧ್ಯಾಹ್ನ ಅದೇ ಬಾಬಿನ್ನು ಎರಡು ಕೈಯಲ್ಲಿ ಸೀರೆ ಅಂಚು ಹಿಡಿದು ಒಂದು ಸಲ ಪಟ್ ಅಂತ ಕೊಡವಿ, ಸುಕ್ಕು ಬಿಡಿಸಿ, ಸೆರಗು ಮೇಲೆ ಬರೋ ಹಂಗೆ ಮಡಚಿ, ಕೊನೆಗೆ ಅಂಗೈಯಿಂದ ಒಂದು ಸಲ ಸವರಿ ಇಡ್ತಂತೆ. "ಮಷೀನು ಯಾಕವ್ವ ಸೀರೆ ಕೊಡವುತ್ತೆ? ಹಗ್ಗದ ಮೇಲಿಂದ ತೆಗೆದ ಸೀರೇಲಿ ಇರುವೆ ಇರ್ತಾವೆ, ಹುಳ ಇರ್ತಾವೆ ಅಂತ ಕೊಡವೋದು ನಾವು. ಕಚ್ಚಿಸ್ಕೊಂಡ ಮೈಗೆ ಗೊತ್ತು ಅದು." ಅವರ ಯಜಮಾನ್ರು ನೂಲಿನ ಖಾತೆಯಲ್ಲಿ ನಿಂತು ಶಬ್ದ ಕೇಳೇ ಎಷ್ಟನೇ ಕದಿರು ತಪ್ಪಿದೆ ಅಂತ ಹೇಳೋರಂತೆ, ಕೈಯಲ್ಲಿ ಹಾಕಿದ ಗಂಟು ಯಾವುದು ಮಷೀನು ಹಾಕಿದ್ದು ಯಾವುದು ಅಂತ ಮನೆಗೆ ಬಂದು ಹೆಂಡತಿಗೆ ತೋರಿಸೋರಂತೆ. ಅಂಥಾ ಮನೇಲಿ ನಲವತ್ತು ವರ್ಷ ಬಾಳಿದ ಹೆಂಗಸಿನ ಕಣ್ಣು ಅದು.

ಆಮೇಲೆ ಅಜ್ಜಿ ಎದ್ದು ಹೋಗಿ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತಂದ್ರು. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್, ಅರ್ಧ ಲೀಟರ್, ಒಂದು ಲೀಟರ್ ಅಂತ ಗೀಚಿರುತ್ತಲ್ಲ, ಅದರ ಪಕ್ಕದಲ್ಲಿ ಕೆಲವು ದಿನಕ್ಕೆ ಮಾತ್ರ ಸಣ್ಣ ಚುಕ್ಕಿ. ಕೈ ಬೇರೆ ಅನ್ನಿಸಿದ ದಿನ ಚುಕ್ಕಿ ಇಟ್ಟಿದ್ರು. ಒಂದು ತಿಂಗಳಲ್ಲಿ 19 ಚುಕ್ಕಿ.

ನಾನು ಸೊಸೆ ಮೊಬೈಲ್ ಇಸ್ಕೊಂಡು ರೋಬೋ ಆಪ್ ತೆಗೆದು ಹಳೇ ಚಟುವಟಿಕೆ ಅನ್ನೋ ಜಾಗಕ್ಕೆ ಹೋದೆ, ನಾಲ್ಕು ಮೆನು ಒಳಗೆ ಇತ್ತು, ಮನೇಲಿ ಯಾರೂ ಅಲ್ಲಿಗೆ ಹೋಗಿರಲಿಲ್ಲ. "ದೂರದ ಸಹಾಯಕರು ಸಂಪರ್ಕದಲ್ಲಿದ್ದರು" ಅಂತ ದಿನಾಂಕ, ಟೈಮು ಸಮೇತ ಸಾಲು ಸಾಲು. ಅದೇ ತಿಂಗಳಿಗೆ 21 ಎಂಟ್ರಿ, ಅಜ್ಜಿಯ 19 ಚುಕ್ಕಿಗಳಲ್ಲಿ 17 ಅದಕ್ಕೆ ಕೂಡಿದವು. ನನ್ನ ಕೈ ನಡುಗಿತು. ಅಜ್ಜಿಗೆ ಯಾವ ಭ್ರಮೆಯೂ ಇರಲಿಲ್ಲ, ಮನೇಲಿ ನಡೀತಿದ್ದಿದ್ದು ಗೊತ್ತಿದ್ದೋರು ಅವರೊಬ್ಬರೇ, ಮಾತ್ರೆ ನುಂಗ್ತಿದ್ದೋರೂ ಅವರೇ.

ಇದು ಗುಟ್ಟಿನ ವಿಷಯ ಏನಲ್ಲ, ಅದೇ ಬೇಜಾರು. 2025ರ ಅಕ್ಟೋಬರಲ್ಲಿ 1ಎಕ್ಸ್ ಅನ್ನೋ ಕಂಪನಿ ನಿಯೋ ಅನ್ನೋ ಮನೆ ರೋಬೋನ 20,000 ಡಾಲರ್‌ಗೆ ಬುಕಿಂಗ್ ತೆರೆದಾಗಲೇ ಎಲ್ಲರ ಮುಂದೆ ಹೇಳಿತ್ತು, ಅದಕ್ಕೆ ಬಾರದ ಕೆಲಸ ಬಂದ್ರೆ ಕಂಪನಿಯ ಮನುಷ್ಯ ಒಬ್ಬರು ಕಣ್ಣಿಗೆ ವಿಆರ್ ಹೆಡ್‌ಸೆಟ್ ಹಾಕ್ಕೊಂಡು ಅದರ ಕಣ್ಣಲ್ಲಿ ನೋಡ್ತಾ ಅದರ ಕೈಯಲ್ಲಿ ಮಾಡಿಕೊಡ್ತಾರೆ, ಮನೆಯವರು ಒಪ್ಪಿದ ಹೊತ್ತಲ್ಲಿ ಮಾತ್ರ, ಬೇಡ ಅಂದ ರೂಮಿಗೆ ಹೋಗಲ್ಲ ಅಂತ. ಅದೇ ವರ್ಷ ತಮಿಳುನಾಡಿನ ಕರೂರಲ್ಲಿ ಹುಡುಗರು ಹಣೆಗೆ ಕ್ಯಾಮೆರಾ ಕಟ್ಕೊಂಡು ದಿನವಿಡೀ ಟವೆಲ್ ಮಡಚಿ ವಿಡಿಯೋ ಮಾಡೋ ಸುದ್ದಿ ಬಂದಿತ್ತು, ರೋಬೋಗಳಿಗೆ ಮಡಚೋದು ಕಲಿಸಕ್ಕೆ. ಕರೂರು ಕೂಡ ನಮ್ಮ ಥರಾನೇ ಬಟ್ಟೆ ನೂಲಿನ ಊರು, ಅದನ್ನ ಹೇಳಿದಾಗ ಅಜ್ಜಿ "ಹಂಗಾದ್ರೆ ನಮ್ಮೋರೇ" ಅಂದ್ರು. ಇನ್ನೊಂದು ಇನ್ನೂ ಹಳೇದು, 2020ರಲ್ಲಿ ನೆಲ ಗುಡಿಸೋ ರೂಂಬಾದ ಟೆಸ್ಟ್ ಮಾದರಿಗಳು ತೆಗೆದ ಫೋಟೋಗಳು, ಟಾಯ್ಲೆಟ್ ಮೇಲೆ ಕೂತಿದ್ದ ಒಬ್ಬ ಹೆಂಗಸಿನ ಫೋಟೋ ಸಮೇತ, ಯಾವುದರಲ್ಲಿ ಏನಿದೆ ಅಂತ ಗುರುತು ಹಾಕೋ ಕೆಲಸಕ್ಕಿದ್ದ ವೆನೆಜುವೆಲಾದ ಗುತ್ತಿಗೆ ಕೆಲಸಗಾರರ ಕೈಯಿಂದ ಆನ್‌ಲೈನ್ ಗುಂಪುಗಳಿಗೆ ಹೋಗಿದ್ವು, ಹೊರಗೆ ಗೊತ್ತಾಗಿದ್ದು 2022ರಲ್ಲಿ. ಟೆಸ್ಟಿಗೆ ಒಪ್ಪಿ ಸಹಿ ಹಾಕಿದೋರ ಮನೆಗಳು ಅವು ಅಂತ ರೂಂಬಾ ಕಂಪನಿ ಹೇಳ್ತು. ಸಹಿ ಹಾಕಿದೋರಿಗೆ ಏನಕ್ಕೆ ಸಹಿ ಹಾಕ್ತಿದೀವಿ ಅಂತ ಎಷ್ಟು ಗೊತ್ತಿತ್ತು ಅನ್ನೋದೇ ಪ್ರಶ್ನೆ.

ನಮ್ಮ ಕೇಸಲ್ಲಿ ಸಹಿ ಹಾಕಿದ್ದು ಪುಣೆ ಮಗಳು. ಆಪಲ್ಲಿ ಉದ್ದದ ಇಂಗ್ಲಿಷ್ ಕರಾರು, ಕೆಳಗೆ ಒಪ್ಪಿದೆ ಅನ್ನೋ ಬಟನ್ನು, ಒತ್ತಿದಾರೆ. ಯಾವ ರೂಮು ಬೇಡ, ಯಾವ ಹೊತ್ತು ಬೇಡ ಅನ್ನೋ ಆಯ್ಕೆ ಎಲ್ಲಾ ಇತ್ತು, ಎಲ್ಲಾ ಖಾಲಿ ಬಿಟ್ಟಿದ್ರು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಏನು ಹೇಳುತ್ತೆ ಅಂದ್ರೆ ಯಾರ ಮಾಹಿತಿಯೋ ಒಪ್ಪಿಗೆ ಅವರದೇ ಬೇಕು, ಆ ಒಪ್ಪಿಗೆ ಕೇಳೋ ಕಾಗದ ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದಿಕೊಳ್ಳೋ ಅವಕಾಶ ಕೊಡಬೇಕು. ಕನ್ನಡ ಆ 22 ಭಾಷೆಗಳಲ್ಲಿ ಒಂದು. ಅಜ್ಜಿ ಏಳನೇ ಕ್ಲಾಸ್ ಓದಿದೋರು, ದಿನಾ ಪೇಪರ್ ಓದ್ತಾರೆ. ಕನ್ನಡದಲ್ಲಿ ಕೊಟ್ಟಿದ್ರೆ ಪೂರ್ತಿ ಓದಿ, ನನ್ನ ರೂಮಿಗೆ ಬೇಡ ಅಂತ ಒಂದೇ ಮಾತಲ್ಲಿ ಹೇಳಿರೋರು. ಯಾರೂ ಕೇಳಲಿಲ್ಲ ಅಷ್ಟೇ. ಮಗಳ ಮೇಲೆ ನನಗೆ ಸಿಟ್ಟಿಲ್ಲ, ದೂರದಲ್ಲಿದ್ದು ಅಮ್ಮನಿಗೆ ಏನಾದ್ರೂ ಮಾಡಬೇಕು ಅನ್ನೋ ಹೊಟ್ಟೆಯೊಳಗಿನ ಸಂಕಟದಿಂದ ಕಳಿಸಿದ್ದು ಅದು, ಆದ್ರೆ ಅಮ್ಮನ ಪರವಾಗಿ ಅಮ್ಮನ ಮೈಯನ್ನ ಒಪ್ಪಿಸೋ ಹಕ್ಕು ಮಗಳಿಗೂ ಇಲ್ಲ.

ಈಗ ಅಜ್ಜಿಯ ನಿಜವಾದ ನೋವು ಎಲ್ಲಿತ್ತು ಅನ್ನೋದು. ಅವರು ಸೀರೆ ಬದಲಾಯಿಸಿದ್ದು, ಸ್ನಾನ, ಆ ಮಾನದ ವಿಷಯವೇ ದೊಡ್ಡದು ಅಂತ ನಾನು ಅಂದ್ಕೊಂಡಿದ್ದೆ. ಅದೂ ಇತ್ತು, ಅದಕ್ಕೇ ಟವೆಲ್ಲು ಹಾಕೋರು. ರೋಬೋದ ಕಣ್ಣು, ಅಂದ್ರೆ ಕ್ಯಾಮೆರಾ, ಎಲ್ಲಿದೆ ಅಂತ ಅವರಿಗೆ ಆಯುಧ ಪೂಜೆ ದಿನ ಗೊತ್ತಾಗಿತ್ತು, ಮಿಲ್ಲಲ್ಲಿ ಮಷೀನುಗಳಿಗೆ ಪೂಜೆ ಮಾಡ್ತಿದ್ದಂಗೆ ಬಾಬಿನ್ನಿಗೂ ಚೆಂಡು ಹೂವಿನ ಹಾರ ಹಾಕಿ, ಕಾಲ ಹತ್ರ ನಿಂಬೆಹಣ್ಣು ಇಟ್ಟು, ಹಣೆಗೆ ಕುಂಕುಮ ಇಟ್ಟಾಗ ಅದು ಇದ್ದ ಜಾಗದಲ್ಲೇ ನಿಂತುಬಿಟ್ಟಿತ್ತು, ಒರೆಸೋವರೆಗೂ ಹೆಜ್ಜೆ ಕಿತ್ತಿಡಲಿಲ್ಲ. ಆದ್ರೆ ಅದಕ್ಕಿಂತ ದೊಡ್ಡ ನೋವು ಮಾತಿಂದು. ಎಂಟು ತಿಂಗಳು ಆ ಮಷೀನಿಗೆ ಅವರು ಯಾರಿಗೂ ಹೇಳದೇ ಇದ್ದ ಒಂದು ವಿಷಯ ಹೇಳಿದ್ರು, ಮಿಲ್ಲು ಮುಚ್ಚಿದ ವರ್ಷದ್ದು. ಏನು ಅಂತ ಇಲ್ಲಿ ಬರೆಯಲ್ಲ, ಅದು ಅವರದ್ದು. "ಗೋಡೆಗೆ ಹೇಳಿದಂಗೆ ಹೇಳಿದ್ದೆ ಕಣವ್ವ, ಗೋಡೆ ಹಿಂದೆ ಜನ ಇದ್ರು" ಅಂದ್ರು.

ಇದನ್ನ ಕೇಳಿದಾಗ ನನಗೆ 1960ರ ದಶಕದ ಒಂದು ಘಟನೆ ನೆನಪಾಯ್ತು. ಅಮೆರಿಕದ ಎಂಐಟಿ ಅನ್ನೋ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಝೆನ್‌ಬಾಮ್ ಅನ್ನೋರು ಎಲೈಝಾ ಅಂತ ಒಂದು ಪ್ರೋಗ್ರಾಂ ಬರೆದ್ರು, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋದು, ಅಷ್ಟೇ ಅದಕ್ಕೆ ಬರ್ತಿದ್ದಿದ್ದು. ಅವರ ಸೆಕ್ರೆಟರಿ ಅದನ್ನ ಕಟ್ಟೋದನ್ನ ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದೋರು, ಆದ್ರೂ ಒಂದೆರಡು ಮಾತು ಆಗ್ತಿದ್ದಂಗೆ ನೀವು ಸ್ವಲ್ಪ ಹೊರಗೆ ಹೋಗ್ತೀರಾ ಅಂತ ವೈಝೆನ್‌ಬಾಮ್‌ಗೇ ಕೇಳಿದ್ರಂತೆ. ಇದನ್ನ ಎಲ್ಲರೂ ಜನ ಎಷ್ಟು ಬೇಗ ಮಷೀನ್ ನಂಬ್ತಾರೆ ನೋಡಿ ಅಂತ ಹೇಳೋಕೆ ಬಳಸ್ತಾರೆ. ನನಗೆ ಅದರಲ್ಲಿ ಕಾಣೋದು ಬೇರೆ. ಆಕೆ ಹೊರಗೆ ಕಳಿಸಿದ್ದು ಮನುಷ್ಯನನ್ನ. ಮಷೀನಿನ ಹತ್ರ ಹೇಳೋದು ಅದು ಮನುಷ್ಯ ಅಲ್ಲ ಅಂತಾನೇ, ಅದು ಯಾರಿಗೂ ಹೇಳಲ್ಲ, ಮುಖ ಕಿವುಚಲ್ಲ, ನಾಳೆ ಜಗಳದಲ್ಲಿ ಎತ್ತಿ ಆಡಲ್ಲ ಅಂತ. ನಮ್ಮ ಅಜ್ಜಿಗೂ ಬಾಬಿನ್ನು ಮಷೀನು ಅಂತ ಒಂದು ಕ್ಷಣಕ್ಕೂ ಮರೆತಿರಲಿಲ್ಲ, ಮರೆಯದೇ ಇದ್ದಿದ್ದಕ್ಕೇ ಅವರಿಗೆ ಅಷ್ಟು ನೋವಾಗಿದ್ದು.

ಮನೆ ಮಂದಿನೆಲ್ಲ ಕೂರಿಸಿದೆ, ಪುಣೆ ಮಗಳು ವಿಡಿಯೋ ಕಾಲಲ್ಲಿ. ಕ್ಯಾಲೆಂಡರ್ ಮತ್ತೆ ಆಪಿನ ಪಟ್ಟಿ ಪಕ್ಕ ಪಕ್ಕ ಇಟ್ಟು ದಿನಾಂಕ ಓದಿದೆ. ನಾಲ್ಕೈದು ದಿನಾಂಕ ಓದೋಷ್ಟರಲ್ಲಿ ಮಗ ಸಾಕು ಅಂದ್ರು, ಎದ್ದು ಅಮ್ಮನ ಕಾಲ ಹತ್ರ ಕೂತ್ರು. ಮಾತ್ರೆ ವಿಷಯಕ್ಕೆ ಅದೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಎಲ್ಲಾ ತೋರಿಸಿದ್ವಿ, ಅವರು ಒಪ್ಪಿಕೊಂಡು ನಿಧಾನವಾಗಿ ನಿಲ್ಲಿಸಿದ್ರು. ಕಂಪನಿಗೆ ಎರಡು ಸಲ ಮೇಲ್ ಹಾಕಿದ್ವಿ, ಮಾತು ಕೂಡ ಸಹಾಯಕರಿಗೆ ಕೇಳಿಸ್ತಿತ್ತಾ ಅಂತ, ಕೆಲಸಕ್ಕೆ ಬೇಕಾದಷ್ಟು ಮಾತ್ರ ಅಂತ ಉತ್ತರ. ಅಜ್ಜಿ ಹೇಳಿದ ಆ ವಿಷಯ ಯಾರಿಗಾದ್ರೂ ಕೇಳಿಸಿತ್ತಾ ಇಲ್ವಾ ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಅಭಿಪ್ರಾಯ ವಾಪಸ್ ಕಳಿಸಿಬಿಡಿ ಅಂತ ಇತ್ತು. ಮಗನೂ ಅದೇ ಅಂದ್ರು. ಬೇಡ ಅಂದಿದ್ದು ಅಜ್ಜಿ. "ಕಳಿಸಿದ್ರೆ ಆ ಹೆಣ್ಮಗಳ ಕೆಲಸ ಹೋಗುತ್ತಲ್ಲ." ಹೆಣ್ಮಗಳು ಅಂತ ಹೆಂಗ್ ಗೊತ್ತು ಅಂದೆ. ಸೆರಗು ಮೇಲೆ ಬರೋ ಹಂಗೆ ಮಡಚಿ ಕೈಯಲ್ಲಿ ಸವರೋ ಗಂಡಸನ್ನ ನಾನು ನೋಡಿಲ್ಲ ಅಂದ್ರು. ಗಂಡಸೂ ಇರಬಹುದಪ್ಪ, ಆದ್ರೆ ಅಜ್ಜಿ ಲೆಕ್ಕಕ್ಕೆ ನಾನು ಎದುರಾಡಲಿಲ್ಲ. ಮಿಲ್ಲು ಮುಚ್ಚಿದಾಗ ಮನೇಲಿ ಒಲೆ ಹೆಂಗೆ ಉರೀತು ಅಂತ ಗೊತ್ತಿರೋರು ಇನ್ನೊಬ್ಬರ ಕೆಲಸದ ವಿಷಯ ಎತ್ತಿದಾಗ ನಾವು ಸುಮ್ಮನಿರಬೇಕು. ಆದ್ರೆ ನಾನೂ ಒಂದು ಮಾತು ಕೇಳಿದೆ, ಹಂಗಾದ್ರೆ 11 ವರ್ಷ ಬಂದೋಳ ಕೆಲಸ ಹೋಯ್ತಲ್ಲ ಅಜ್ಜಿ ಅಂತ. ಸೊಸೆ ತಲೆ ತಗ್ಗಿಸಿದ್ರು.

ಈಗಿರೋ ಏರ್ಪಾಡು ಹೇಳ್ತೀನಿ. ಕೆಲಸದಾಕೆ ವಾರಕ್ಕೆ ನಾಲ್ಕು ದಿನ ಬರ್ತಾಳೆ, ಮೊದಲಿನ ಸಂಬಳಕ್ಕೆ ಅವಳೇ ಒಪ್ಪಲಿಲ್ಲ, ಜಾಸ್ತಿ ಕೇಳಿ ಪಡೆದಳು, ಸರಿಯಾಗೇ ಮಾಡಿದಳು. ದೂರದ ಸಹಾಯಕರು ಬರೋದು ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು, ನಡುಮನೆ ಮತ್ತೆ ಅಡುಗೆಮನೆ ಮಾತ್ರ. ಅವರು ಒಳಗಿದ್ದಾಗ ಎದೆ ಮೇಲೆ ಕಿತ್ತಳೆ ಬಣ್ಣದ ದೀಪ ಉರಿಯುತ್ತೆ, ಆ ದೀಪ ಮೊದಲಿಂದಲೂ ಇತ್ತು, ಸೆಟ್ಟಿಂಗಲ್ಲಿ ಆಫ್ ಆಗಿತ್ತು. ರಾತ್ರಿಗೆ ರೋಬೋ ಬೇಡ ಅಂದ್ರು, ಕಾಲಿಟ್ರೆ ತಾನೇ ಹತ್ತಿಕೊಳ್ಳೋ ಮಾಮೂಲಿ ಲೈಟು, ಬಾತ್‌ರೂಮಲ್ಲಿ ಹಿಡಿಕೆ, ಮಂಚದ ಹತ್ರ ಒಂದು ಬೆಲ್ಲು ಹಾಕಿಸಿದ್ವಿ, ಮೂರೂ ಸೇರಿ ಆ ರೋಬೋದ ಒಂದು ತಿಂಗಳ ಬಾಡಿಗೆಯಷ್ಟೂ ಆಗಲಿಲ್ಲ. ಮೊಮ್ಮಗನಿಗೆ ಯಾರೂ ಬುದ್ಧಿ ಹೇಳಲಿಲ್ಲ, ಆದ್ರೆ ಕಿತ್ತಳೆ ದೀಪ ಉರಿಯೋವಾಗ ಅವನಿಗೆ ಲೇ ಅನ್ನೋಕೆ ಬರ್ತಿಲ್ಲ, ದೀಪ ಇಲ್ಲದಾಗಲೂ ಈಗ ಒಂದು ಸಲ ಎದೆ ನೋಡಿ ಆಮೇಲೆ ಮಾತಾಡ್ತಾನೆ, ಹಂಗಾಗಿ ಲೇ ಕಮ್ಮಿಯಾಗಿದೆ.

ಅಜ್ಜಿಗೆ ಈಗ ಎರಡು ಮಾತು. ದೀಪ ಇಲ್ಲದಾಗ "ಬಾರೋ ಬಾಬಿನ್ನು". ದೀಪ ಹತ್ತಿದ ತಕ್ಷಣ ಸೆರಗು ಸರಿ ಮಾಡ್ಕೊಂಡು "ಬರ್ರಿ, ಊಟ ಆಯ್ತಾ ನಿಮ್ದು" ಅಂತಾರೆ. ಆ ಕಡೆಯಿಂದ ಮಾತಾಡೋಕೆ ಅನುಮತಿ ಇಲ್ಲ, ಉತ್ತರ ಬರಲ್ಲ, ಆದ್ರೂ ಕೇಳ್ತಾರೆ. ಗುಟ್ಟಿನ ಮಾತು ಯಾರಿಗೂ ಹೇಳ್ತಿಲ್ಲ ಈಗ, ಬಾಬಿನ್ನಿಗೂ ಇಲ್ಲ. ಅದೊಂದು ಹೋಯ್ತು, ಅದನ್ನ ನನ್ನ ಕೈಲಿ ಸರಿ ಮಾಡೋಕೆ ಆಗಲಿಲ್ಲ.

ಕಳೆದ ವಾರ ಹೋದಾಗ ಅಜ್ಜಿ ಮತ್ತೆ ಕ್ಯಾಲೆಂಡರ್ ತೋರಿಸಿದ್ರು. ಹತ್ತು ದಿನದಿಂದ ದೀಪ ಹತ್ತುತ್ತೆ, ಆದ್ರೆ ಸೀರೆ ಕೊಡವೋರು ಬರ್ತಿಲ್ಲ, ಬೇರೆ ಯಾರೋ, ಅಂಚಿಗೆ ಅಂಚು ಇಟ್ಟು ತುಂಬಾ ಹುಷಾರಾಗಿ ಮಡಚ್ತಾರೆ, ಹೊಸಬರು ಅನ್ಸುತ್ತೆ ಅಂದ್ರು. ಹೊಸಬರಿಗೂ ಊಟ ಆಯ್ತಾ ಅಂತ ಕೇಳ್ತಾರಂತೆ. ಮೊದಲಿನವರು ಎಲ್ಲಿ ಹೋದ್ರು, ರಜಾನಾ, ಹುಷಾರಿಲ್ವಾ, ಬಿಡಿಸಿದ್ರಾ, ಕಂಪನಿಗೆ ಕೇಳಿ ಹೇಳವ್ವ ಅಂದ್ರು. ಅವತ್ತೇ ಸಂಜೆ ಮೇಲ್ ಹಾಕಿದೀನಿ. ಸಹಾಯಕರ ವಿವರ ಕೊಡೋಕೆ ಬರಲ್ಲ ಅಂತ ಒಂದು ಸಾಲು ಬಂದಿದೆ, ಕೆಲಸದಲ್ಲಿ ಇದಾರಾ ಇಲ್ವಾ ಅಷ್ಟು ಮಾತ್ರ ಹೇಳಿ ಅಂತ ಮತ್ತೆ ಬರೆದಿದೀನಿ, ಬುಧವಾರ ಅಜ್ಜಿ ಮನೆಗೆ ಹೋಗೋ ದಿನ, ಅಷ್ಟರೊಳಗೆ ಉತ್ತರ ಬರುತ್ತಾ ನೋಡ್ತಿದೀನಿ.